ರೊಟ್ಟಿ ಬಡಿಯುವ ಸಪ್ಪಳ

ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಬಲಗೈ ಮುರಿಯಿತು. ನೋವು ಇದ್ದದ್ದೇ. ದೊಡ್ಡ ಚಿಂತೆ ರೊಟ್ಟಿಯದು. ನಮ್ಮ ಯಜಮಾನರು ವಿಜಾಪುರದ ಕಡೆಯವರು. ನೌಕರಿಗೆಂದು ಹೈದರಾಬಾದಿಗೆ ಬಂದು ಇಲ್ಲೇ ಮುದುಕರಾದರೂ ಎರಡು ಹೊತ್ತೂ ಜೋಳದ ರೊಟ್ಟಿಯೇ ಆಗಬೇಕು. ಅನ್ನ ಉಂಡರೆ ಸಕ್ಕರೆ ಏರುತ್ತದೆ.

ಮಗ ದಿಲ್‌ಸುಖ್‌ನಗರದ ರಸ್ತೆ ಬದಿಯಿಂದ ರೊಟ್ಟಿ ಕಟ್ಟಿಸಿಕೊಂಡು ಬಂದ. ಮೊದಮೊದಲು ಔಷಧದ ಹಾಗೆ ನುಂಗಿದರು, ಆಮೇಲೆ ಅರ್ಧಕ್ಕೇ ಕೈ ತೊಳೆಯತೊಡಗಿದರು. ಮುಖ ಇಳಿಯಿತು. ಸೊಸೆಗೆ ನೋಡಲಾಗಲಿಲ್ಲ. ಅವಳು ತೆಲುಗಿನವಳು, ತವರಲ್ಲಿ ಅನ್ನ ಉಂಡು ಬೆಳೆದವಳು.

"ನಾನೇ ಮಾಡ್ತೀನ್ರಿ ಅತ್ತಮ್ಮ. ಇಷ್ಟು ವರ್ಷ ನೋಡೀನಲ್ಲ" ಎಂದಳು.

ನೋಡಿದ್ದು ಖರೆ. ನನ್ನ ಪಕ್ಕದಲ್ಲೇ ನಿಂತು ಪಲ್ಯ ಮಾಡುತ್ತ ದಿನಾ ನೋಡಿದವಳು. ಎಸರು ಕುದಿಸಿ ಸ್ಟೀಲಿನ ಅಗಲ ತಟ್ಟೆ, ಪರಾತದಲ್ಲಿದ್ದ ಹಿಟ್ಟಿಗೆ ಹೊಯ್ದಳು, ನಾದಿದಳು, ಬಡಿದಳು. ಎಲ್ಲ ನನ್ನ ಹಾಗೆಯೇ. ಹಂಚಿಗೆ ಹಾಕಲು ಎತ್ತಿದರೆ ರೊಟ್ಟಿ ಚೂರುಚೂರು. ನಾನು ಗೋಡೆಗೆ ಒರಗಿ ಕೂತು ಬೈದೆ. ಮೆತ್ತಗೆ ನಾದು ಅಂದೆ, ಮತ್ತೆ ಒತ್ತಿ ನಾದು ಅಂದೆ. ಏನು ಹೇಳಬೇಕೋ ನನಗೂ ಗೊತ್ತಿರಲಿಲ್ಲ. ಕೈ ಮಾಡುವ ಕೆಲಸ, ಬಾಯಿಗೆ ಎಲ್ಲಿಂದ ಬರಬೇಕು? ಅವಳ ಕಣ್ಣಲ್ಲಿ ನೀರು ಬಂತು. ಆದರೆ ಹಿಟ್ಟು ಬಿಡಲಿಲ್ಲ.

ಯಜಮಾನರು ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. ನಾನು ರೊಟ್ಟಿ ಮಾಡುವಾಗಲೆಲ್ಲ ಅಲ್ಲೇ, ಮುಖದ ಮುಂದೆ ಪೇಪರ್. ಮನೆಗೆ ಬೆಂಕಿ ಬಿದ್ದರೂ ಈ ಮನುಷ್ಯನಿಗೆ ತಿಳಿಯುವುದಿಲ್ಲ ಎಂದು ನೆರೆಹೊರೆಯವರ ಮುಂದೆಯೂ ಆಡಿದ್ದೇನೆ. ಆ ಪೇಪರಿನ ಹಿಂದಿನಿಂದ ಮಾತು ಬಂತು.

"ಇನ್ನೂ ನಾದಬೇಕವ್ವಾ. ನಿಮ್ಮತ್ತಿ ನಾದುವಾಗ ಪರಾತ ಕಟಕಟ ಅಂತೈತಿ. ಹಿಟ್ಟು ಹದಕ್ಕ ಬಂದ ಮ್ಯಾಲ ಸುಮ್ಮನಾಗ್ತೈತಿ. ಆಮ್ಯಾಲ ಆಕಿ ಬಡೀತಾಳ."

ಅಡುಗೆಮನೆಗೆ ನೀರು ಕುಡಿಯಲೂ ಬಾರದವರು. ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ಹಸದು ಕೂತಿರ್ತೀನಲ್ಲ, ರೊಟ್ಟಿ ಎಲ್ಲಿಗೆ ಬಂತು ಅಂತ ಸಪ್ಪಳದಾಗ ತಿಳೀತೈತಿ. ನಿನಗ ಆರಾಮ ಇಲ್ಲದ ದಿನಾನೂ ತಿಳೀತೈತಿ. ಅವತ್ತ ಬಡಿಯೂದು ಹಗೂರ. ಅವತ್ತ ನಾ ಎರಡ ರೊಟ್ಟಿಗೆ ಸಾಕಂತ ಏಳ್ತೀನಿ."

ಕೆಲವು ದಿನ ಎರಡೇ ರೊಟ್ಟಿಗೆ ಸಾಕೆಂದು ಏಳುವುದನ್ನು ನಾನೂ ನೋಡಿದ್ದೆ. ರೊಟ್ಟಿಗೆ ಹೆಸರಿಟ್ಟು ಏಳುತ್ತಾರೆಂದು ತಿಳಿದು, ಸಂಜೆತನಕ ಮಾತು ಬಿಡುತ್ತಿದ್ದೆ. ಅವರಾದರೂ ಒಂದು ಮಾತು ಹೇಳಬಾರದೆ? ಹೇಳುವ ಜಾತಿಯೇ ಅಲ್ಲ.

ಸೊಸೆ ಪರಾತ ಸುಮ್ಮನಾಗುವವರೆಗೂ ನಾದಿದಳು. ಬೆವರಿಳಿಯಿತು. ಈ ಸಲ ರೊಟ್ಟಿ ಇಡಿಯಾಗಿ ಎದ್ದಿತು. ದಪ್ಪವಿತ್ತು, ಅಂಚು ಸೀಳಿತ್ತು, ಆದರೂ ರೊಟ್ಟಿಯೇ. ಅವರು ಬದನೆಕಾಯಿ ಪಲ್ಯ ಹಚ್ಚಿಕೊಂಡು ಎರಡು ಉಂಡರು. ಅವಳ ಬೆವರು ನೋಡಿ ಸಾಕೆಂದು ಎದ್ದರು.

"ಕೂಡ್ರಿ" ಎಂದೆ. "ಆಕಿ ಆರಾಮ ಅದಾಳ. ಇನ್ನೊಂದು ತಿನ್ರಿ."