ಹಲಸಿನ ಹಲಗೆಗೆ ಕಲಬುರಗಿಯ ಗಾಳಿ

ಕಲಬುರಗಿಯ ಮೊದಲ ಬೇಸಿಗೆಗೆ ನಾನು ತೆತ್ತ ಬೆಲೆ ಮೂರು ಯುಕುಲೇಲೆ. ರೂಪಾಯಿಯಲ್ಲಿ ಎಷ್ಟೆಂದು ಹೇಳುವುದಿಲ್ಲ. ಹೇಳಿದರೆ ನಮ್ಮ ಕುಂದಾಪುರದವರಾದ ನೀವು ನನ್ನ ನಷ್ಟದಲ್ಲೂ ಚೌಕಾಸಿ ಮಾಡುತ್ತೀರಿ. ಯುಕುಲೇಲೆ ಎಂದರೆ ಗಿಟಾರಿನ ಪುಟ್ಟ ತಂಗಿ, ನಾಲ್ಕೇ ನೈಲಾನ್ ತಂತಿ. ಊರಿನ ಹಲಸಿನ ಮರದಿಂದ, ಊರಿನ ಮಳೆಗಾಲದಲ್ಲಿ ಕೂತು ಕಟ್ಟಿ ತಂದಿದ್ದೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅಂಗಡಿಯ ಗೋಡೆಗೆ ತೂಗುಹಾಕಿದ್ದ ಒಂದು, ಯಾರೂ ಮುಟ್ಟದೆ, ಪಟಾಕಿಯಂತೆ ಸಿಡಿಯಿತು. ತಿರುಗಿ ನೋಡಿದರೆ ಎದೆಹಲಗೆ ಉದ್ದಕ್ಕೆ ಸೀಳಿತ್ತು.

ಪಕ್ಕದಲ್ಲೇ ಹೊಲಿಗೆ ಮಾಡುವ, ನನ್ನ ಅಂಗಡಿಯ ಮಾಲೀಕ ಚಾಂದಸಾಬ್ ಕತ್ತರಿ ಹಿಡಿದುಕೊಂಡೇ ಓಡಿ ಬಂದ. ನನ್ನನ್ನು ಅವನು ಕರೆಯುವುದು ಆಪಾ, ಅಂದರೆ ಅಕ್ಕ, ಎಂದು.

"ಏನು ಒಡೀತ್ರೀ ಆಪಾ?"

"ಮರ."

"ಅಯ್ಯ, ಈ ಬಿಸಲಾಗ ಮನಷ್ಯಾರ ತಲೀನಾ ಒಡೀತಾವ. ಕಟಗಿ ಯಾವ ಲೆಕ್ಕ!" ಎಂದು ಹೋಗಿಬಿಟ್ಟ. ಸಮಾಧಾನ ಹೇಳುವುದು ಈ ಊರಿನವರಿಗೆ ಬರುವುದಿಲ್ಲ ಎಂದು ಆಗ ತಿಳಿದಿದ್ದೆ. ಇದೇ ಇವರ ಸಮಾಧಾನ ಎಂದು ಅರ್ಥವಾಗಲು ಇನ್ನೊಂದು ಬೇಸಿಗೆ ಬೇಕಾಯಿತು.

ವಾರದೊಳಗೆ ಇನ್ನೆರಡೂ ಹೋದವು. ಕಾರಣ ಸರಳ. ನಮ್ಮ ಕಡೆ ಗಾಳಿಯೇ ಒದ್ದೆ. ಮರ ಆ ನೀರು ಕುಡಿದು ಉಬ್ಬಿರುತ್ತದೆ. ನಾನು ಆ ಉಬ್ಬಿಗೇ ಅಳತೆ ಹಿಡಿದು ಅಂಟು ಹಾಕಿದ್ದೆ. ಇಲ್ಲಿಯ ಗಾಳಿ ಎಲ್ಲ ಹೀರಿಕೊಂಡಿತು. ಮರ ಕುಗ್ಗಲು ಹೊರಟಿತು, ಅಂಟು ಬಿಡಲಿಲ್ಲ, ನಡುವೆ ಹಲಗೆ ಸೀಳಿತು. ಬೆರಳು ಒತ್ತುವ ಜಾಗದಲ್ಲಿ ಅಡ್ಡಕ್ಕೆ ಕೂರಿಸುವ ಲೋಹದ ಪಟ್ಟಿಗಳನ್ನು ಫ್ರೆಟ್ ಎನ್ನುತ್ತಾರೆ, ವೀಣೆಯ ಮೆಟ್ಟಿಲಿದ್ದಂತೆ. ಊರಿನಲ್ಲಿ ನುಣ್ಣಗೆ ಉಜ್ಜಿದ್ದ ಅವುಗಳ ತುದಿಗಳು ಈಗ ಗರಗಸದ ಹಲ್ಲಿನಂತೆ ಹೊರಬಂದಿದ್ದವು. ಕರಾವಳಿಯಲ್ಲಿ ನನಗೊಂದು ಹೆಸರಿತ್ತು. ಇಲ್ಲಿಯ ಗಾಳಿ ಅದನ್ನು ಕೇಳಿರಲಿಲ್ಲ.

ಯಾಕೆ ಬಂದೆ ಎನ್ನುತ್ತೀರಿ. ಗಂಡನಿಗೆ ಕಮಲಾಪುರದ ಬ್ಯಾಂಕಿಗೆ ವರ್ಗವಾಯಿತು. ಅಲ್ಲಿಗೆ ಬಸ್ಸಿನಲ್ಲಿ ಹೋಗಿಬರಬಹುದೆಂದು ಮೊದಲು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮನೆ ನೋಡಿದೆವು. ಸಂಬಳದ ಮನೆಗಳು, ಗಲ್ಲಿಗೊಂದು ಟ್ಯೂಷನ್. ಅಲ್ಲಿ ಮಗುವಿಗೆ ಯುಕುಲೇಲೆ ಕೊಡಿಸುವುದೆಂದರೆ ಅದನ್ನು ಏರ್‌ಕೂಲರ್ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುವುದು. ಹಗಲೆಲ್ಲ ತೇವ, ಕೂಲರ್ ನಿಂತ ಮೇಲೆ ಒಣ ಗಾಳಿ; ಮರ ತಿಂಗಳಲ್ಲೇ ತಿರುಚಿಕೊಳ್ಳುತ್ತದೆ. ವಾದ್ಯದ ಅಂಗಡಿಗಳು ಮಾರುವುದಾದರೂ ಏನು? ತಂತಿಯ ಕೆಳಗೆ ಪೆನ್ಸಿಲ್ ತೂರುವಷ್ಟು ಎತ್ತರದ, ಬಣ್ಣ ಬಳಿದ ಡಬ್ಬ. ಮಗು ಒತ್ತಿ ಒತ್ತಿ ಬೆರಳು ಕೆಂಪಾಗಿಸಿಕೊಂಡರೆ ಮಾಸ್ತರರು "ಕೂಸಿನ ಕೈಯಾಗ ಕಲಾ ಇಲ್ಲರೀ" ಎನ್ನುತ್ತಾರೆ. ತಂತಿ ಹೊತ್ತ ಪಟ್ಟಿಯನ್ನು, ಅಂದರೆ ವಾದ್ಯದ ಕುದುರೆಯನ್ನು, ಎರಡು ಎಳೆಯಷ್ಟು ಉಜ್ಜಿದರೆ ಕಲೆ ತಾನಾಗಿ ಬರುತ್ತದೆ. ಆದರೆ ಉಜ್ಜುವವರು ಊರಲ್ಲಿ ಇರಲಿಲ್ಲ. ಕೆಟ್ಟದ್ದೆಲ್ಲ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಿತ್ತು. ಪೈಪೋಟಿ ಇಲ್ಲದ ಊರು ಎಂದು ಜೊಲ್ಲು ಸುರಿಸಿಕೊಂಡು ಮೋಮಿನಪುರದಲ್ಲಿ ಅಂಗಡಿ ಹಿಡಿದೆ.

"ಸಣ್ಣ ಬಾಜಾ ರಿಪೇರಿ ಅಂತ ಕಿರಾಯೀನೂ ಸಣ್ಣದು ಮಾಡಬ್ಯಾಡ್ರಿ ಆಪಾ" ಎಂದಿದ್ದ ಚಾಂದಸಾಬ್. ಕಿರಾಯಿ ಎಂದರೆ ಬಾಡಿಗೆ. ಮೂರು ಸಲ ಎದ್ದು ಹೊರಟಂತೆ ಮಾಡಿ ನಾನು ಹೇಳಿದ್ದಕ್ಕೇ ಇಳಿಸಿದೆ. ಅಂಗಡಿ ಪಶ್ಚಿಮಕ್ಕೆ ಮುಖ ಮಾಡಿದೆ ಎಂಬುದನ್ನು ಆ ಗೆಲುವಿನ ಗಡಿಬಿಡಿಯಲ್ಲಿ ನೋಡಲಿಲ್ಲ. ಅವನು ಯಾಕೆ ಇಳಿದನೆಂದು ಮಾರ್ಚ್‌ನಲ್ಲಿ ತಿಳಿಯಿತು.

ಮೂರು ಸಿಡಿದವು ಎಂದೆ. ಕಟ್ಟಿ ತಂದದ್ದು ನಾಲ್ಕು. ನಾಲ್ಕನೆಯದನ್ನು ಚಳಿಗಾಲದಲ್ಲೇ ಗಿರಿಜಾ ಎಂಬಾಕೆ ಕೊಂಡಿದ್ದಳು. ಕಮಲಾಪುರದ ಶಾಲೆಯಲ್ಲಿ ಪಾಠ ಹೇಳುವ ಹುಡುಗಿ, ಹೊಸದಾಗಿ ಮದುವೆಯಾದವಳು, ತನ್ನ ಸಂಬಳದಲ್ಲಿ ತನಗೆಂದು ಕೊಂಡ ಮೊದಲ ವಸ್ತು ಅದು. ಇಡೀ ಜಿಲ್ಲೆಯಲ್ಲಿ ನನ್ನ ಕೈಕೆಲಸಕ್ಕೆ ಇದ್ದ ಸಾಕ್ಷಿಯೂ ಅದೊಂದೇ. ಅದು ಸೀಳಿದರೆ ಸುದ್ದಿ ಬೆಳಗಿನ ಬಸ್ಸಿನಲ್ಲೇ ಕಲಬುರಗಿ ತಲುಪುತ್ತದೆ, ಸಂಜೆಗೆ ನನ್ನ ಅಂಗಡಿಗೆ ಬೀಗ. ಫೋನ್ ಮಾಡಿ ಕೇಳಿದೆ. "ಛಲೋ ಅದರೀ ಅಕ್ಕಾರ" ಎಂದು ಪಿಸುಗುಟ್ಟಿ ಇಟ್ಟುಬಿಟ್ಟಳು. ಮರುದಿನ ನಾನೇ ಬಸ್ಸು ಹತ್ತಿದೆ. ಉಪಾಯ ಸಿದ್ಧವಿತ್ತು: ಸೀಳು ಅವರ ಕಣ್ಣಿಗೆ ಬೀಳುವ ಮೊದಲು ದುಡ್ಡು ಹಿಂದೆ ಕೊಟ್ಟು ವಾದ್ಯ ಎತ್ತಿಕೊಂಡು ಬರುವುದು.

ಕಮಲಾಪುರ ಕೆಂಪು ಬಾಳೆಯ ಊರು. ಗಿರಿಜಾಳ ಮನೆಯವರದ್ದೂ ಬಾಳೆತೋಟ. ಬಾಗಿಲಲ್ಲಿ ಕೂತಿದ್ದ ಅತ್ತೆ ಗುರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಆ ತುಂತುಣಿ ಮಾರಿದಾಕಿ ನೀವಾ ಏನು?"

ಹೌದೆಂದೆ. ವಾದ್ಯ ಎಲ್ಲಿ ಎಂದರೆ ಗಿರಿಜಾ ತಲೆ ತಗ್ಗಿಸಿದಳು. ಅತ್ತೆಯೇ ಹೇಳಿದರು: "ಬಾಳಿ ಖೋಲ್ಯಾಗ ಒಗದೀನಿ. ಸಂಜಿಗಿ ಟುಂಯ್ ಟುಂಯ್ ಅಂತ ಕುಂತ್ರ ರೊಟ್ಟಿ ಯಾರು ಬಡೀಬೇಕು?"

ಒಗೆಯುವುದೆಂದರೆ ಇಲ್ಲಿ ಎಸೆಯುವುದು. ಬಾಳೆಗೊನೆ ಇಡುವ ಕತ್ತಲೆ ಕೋಣೆ. ಗೊನೆಗಳು ಬಾಡದಿರಲೆಂದು ಸುತ್ತ ಒದ್ದೆ ಗೋಣಿಚೀಲ, ನೆಲದಲ್ಲಿ ನೀರು. ಮೊಳೆಯಲ್ಲಿ ನನ್ನ ಯುಕುಲೇಲೆ. ಕಿಟಕಿಯ ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡಿದೆ. ಒಂದು ಗೆರೆಯಷ್ಟೂ ಸೀಳಿರಲಿಲ್ಲ. ಕುಂದಾಪುರದ ನನ್ನ ಜಗಲಿಯ ಗಾಳಿಯೇ ಆ ಕೋಣೆಯಲ್ಲಿತ್ತು. ವರ್ಷಗಟ್ಟಲೆ ಕಲಿತ ನನ್ನ ಕೆಲಸ ಉಳಿಸದ ವಾದ್ಯವನ್ನು ಒಬ್ಬ ಅತ್ತೆಯ ಸಿಟ್ಟು ಉಳಿಸಿತ್ತು.

ಆದರೂ ಬಿಡಲಿಲ್ಲ. ಇಂದು ಉಳಿದದ್ದು ನಾಳೆ ಹೊರಗೆ ಬಂದರೆ ಸಿಡಿಯುತ್ತದಲ್ಲ. "ಇದಕ್ಕಿಂತ ಒಳ್ಳೆಯದು ಮಾಡಿಕೊಡುತ್ತೇನೆ. ಇದನ್ನು ಕೊಡಿ, ಪೂರ್ತಿ ದುಡ್ಡು ಹಿಂದೆ ತೆಗೆದುಕೊಳ್ಳಿ" ಎಂದೆ.

ಗುರಮ್ಮ ನಕ್ಕರು. "ಮಾರಿದ್ದನ್ನ ಪೂರಾ ರೊಕ್ಕಾ ಕೊಟ್ಟು ವಾಪಸ್ ಕೇಳೂ ಅಂಗಡಿ ಎಲ್ಲಿ ಅದ ಯವ್ವಾ? ಬಾಳಿ ದಲಾಲರೂ ಹಿಂಗಾ ಬರ್ತಾರ. ರೇಟ್ ಏರೂ ಮುಂದ 'ನಿಮ್ಮ ಗೊನಿ ಸುಮಾರ ಅದ, ನಾವಾ ಒಯ್ತೀವಿ' ಅಂತಾರ. ಗಿರಿಜಾ, ಅದನ್ನ ತಗದು ಪಡಸಾಲ್ಯಾಗ ಹಾಕು. ಬಂದವರು ಹೋದವರು ನೋಡ್ಲಿ."

ಗಿರಿಜಾಳ ಮುಖ ಅರಳಿತು. ನನ್ನದು ಬಾಡಿತು. ತಗಡಿನ ಪಡಸಾಲೆ, ಕುಲುಮೆಯಂಥ ಗಾಳಿ. ಸುಮ್ಮನೆ ಬಸ್ಸು ಹತ್ತಿದರೆ ಒಂದೇ ವಾರ, ಆ ಹುಡುಗಿಯ ವಾದ್ಯವೂ ಹೋಗುತ್ತದೆ, ಮನೆಯಲ್ಲಿ ಈಗಷ್ಟೇ ಅದಕ್ಕೆ ಬಂದ ಮರ್ಯಾದೆಯೂ ಹೋಗುತ್ತದೆ. ವ್ಯಾಪಾರದಲ್ಲಿ ನಾನು ಬಾಯಿಬಿಟ್ಟು ನಿಜ ಹೇಳುವುದು ಅಪರೂಪ. ಅಂದು ಹೇಳಿದೆ: ಹೊರಗೆ ತೂಗಿದರೆ ಒಡೆಯುತ್ತದೆ, ಇದರ ಜೊತೆಯ ಮೂರೂ ಒಡೆದಿವೆ, ಬಾಳೆಯ ಕೋಣೆಯೇ ಸರಿ.

"ಅಂದ್ರ ನಾ ಅಲ್ಲಿ ಒಗದದ್ದಾ ಛಲೋ ಆತು?"

"ಆಯಿತು."

"ನಿಮಗಿದು ಗೊತ್ತಿದ್ದಿಲ್ಲ?"

"ಗೊತ್ತಿರಲಿಲ್ಲ."

"ಮತ್ತ ಕಲ್ತದ್ದಾದ್ರೂ ಏನು ಯವ್ವಾ!" ಎಂದವರು ಸೊಸೆಯ ಕಡೆ ತಿರುಗಿದರು. "ಅಲ್ಲೇ ಇರ್ಲಿ. ಸಂಜಿಕ ಗೋಣಿಗೆ ನೀರು ಹೊಡದು, ಅಲ್ಲೇ ಕುಂತು ಬಾರ್ಸು. ಅಷ್ಟೊತ್ತು ರೊಟ್ಟಿ ನಾ ನೋಡ್ಕೋತೀನಿ."

ಅಲ್ಲಿಯೇ, ಗೊನೆಗಳ ನಡುವೆ ಕೂತು, ಚಳಿಗಾಲದಲ್ಲೇ ತುಸು ಹೊರಬಂದಿದ್ದ ಫ್ರೆಟ್‌ಗಳ ತುದಿ ಉಜ್ಜಿದೆ, ಬಿರಡೆ ತಿರುಗಿಸಿ ಶ್ರುತಿ ಮಾಡಿದೆ. ಗಿರಿಜಾ ಅತ್ತೆಗೆ ಕೇಳುವಷ್ಟು ಜೋರಾಗಿ ನುಡಿಸಿದಳು. "ಸೊಳ್ಳಿ ಗುಂಯ್ ಅಂದಂಗ ಅದ" ಎಂದು ಹೊರಗಿನಿಂದ ಅಭಿಪ್ರಾಯ ಬಂತು. ಹೊರಡುವಾಗ ಗುರಮ್ಮ ಕೆಂಪು ಬಾಳೆಯ ಒಂದು ಚಿಪ್ಪು ಕೊಟ್ಟರು. ಪುಕ್ಕಟೆ ಎಂದು ಹಿಗ್ಗಿದೆ. ಒಂದೂ ಹಣ್ಣಾಗಿರಲಿಲ್ಲ.

ಕಳೆದ ಮಳೆಗಾಲ ಕುಂದಾಪುರಕ್ಕೆ ಹೋದಾಗ ಕಲಬುರಗಿಯಲ್ಲೇ ಕಟ್ಟಿದ ಮ್ಯಾಂಡೊಲಿನ್ ಒಂದನ್ನು ತಮ್ಮನಿಗೆ ಒಯ್ದಿದ್ದೆ. ಎರಡು ವಾರದಲ್ಲಿ ಅದರ ಹೊಟ್ಟೆ ಉಬ್ಬಿ ತಂತಿಗಳು ಮೇಲೆದ್ದವು. "ನಿಮ್ಮ ಈ ದರಿದ್ರ ಗಾಳಿ" ಎಂದು ಬೈದೆ. ತಮ್ಮ ನಕ್ಕ: "ನಿಮ್ದ್ ಅಂದ್ರೆ? ನಿಂದ್ ಯಾವ್ದ್ ಹಂಗಾರೆ?" ಇಲ್ಲಿ ಕಲಬುರಗಿಯಲ್ಲಿ ಕುಚ್ಚಲಕ್ಕಿ ಗಂಜಿಯ ಬಗ್ಗೆ ಜಂಬ ಕೊಚ್ಚುತ್ತೇನೆ. ಅಲ್ಲಿಗೆ ಹೋದರೆ ಜೋಳದ ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ ಇಲ್ಲದ ಊಟವೂ ಒಂದು ಊಟವೇ ಎಂದು ಮೂಗು ಮುರಿಯುತ್ತೇನೆ. "ಆ ಬಿಸಿಲೂರಲ್ಲಿ ಹೇಗಿದ್ದೀಯ" ಎಂದು ಮರುಕ ತೋರಿಸುವ ನಿಮ್ಮನ್ನು ಕಂಡರಂತೂ ಗುರಮ್ಮನ ನಗು ನನ್ನ ಬಾಯಿಗೇ ಬರುತ್ತದೆ.

ಇನ್ನು ಬುದ್ಧಿಮಾತು, ನನ್ನಿಂದ ಪುಕ್ಕಟೆ ಸಿಗುವುದು ಇದೊಂದೇ. ಈ ಕಡೆ ಅಂಗಡಿ ಹಿಡಿಯುವುದಾದರೆ ಮೂರು ಗಂಟೆಯ ಬಿಸಿಲಿನಲ್ಲಿ ಹೋಗಿ ನೋಡಿ. ಮಾಲೀಕ ಬೇಗ ಒಪ್ಪಿದರೆ ಎದ್ದು ಬನ್ನಿ. ವಾದ್ಯ ಕೊಳ್ಳುವಾಗ ಬಣ್ಣಕ್ಕೆ ಮರುಳಾಗದೆ ಫ್ರೆಟ್‌ಗಳ ತುದಿಗೆ ಬೆರಳು ಸವರಿ. ಚುಚ್ಚಿದರೆ ಅಲ್ಲಿಯೇ ಬಿಡಿ. ಕೂಲರ್ ಎದುರು ತೂಗಬೇಡಿ. ಮಾತಿಗೆ ರೀ ಸೇರಿಸಿ, "ನಮ್ಮೂರಲ್ಲಿ ಹೀಗಲ್ಲ" ಎನ್ನುವುದನ್ನು ಮೊದಲ ವರ್ಷ ನುಂಗಿಕೊಳ್ಳಿ. ಊರಿನಿಂದ ಮರ ತಂದರೆ ಅಟ್ಟದ ಮೇಲೆ ಬಿಚ್ಚಿಡಿ. ಇಲ್ಲಿಯ ಒಂದು ಬೇಸಿಗೆ, ಒಂದು ಮಳೆ ಕಾಣಲಿ. ಎಷ್ಟು ಕುಗ್ಗುತ್ತದೋ ಕುಗ್ಗಲಿ, ಎಲ್ಲಿ ಸೀಳುತ್ತದೋ ಸೀಳಲಿ. ಉಳಿದದ್ದರ ಅಳತೆ ಹೊಸದಾಗಿ ಹಿಡಿಯಿರಿ. ಅಲ್ಲಿಯವರೆಗೆ ಅಂಟು ಹಚ್ಚಬೇಡಿ.