ನಡುಗದ ಕೈ

ಏಕಾದಶಿ, ಬೆಳಿಗ್ಗೆ ಹತ್ತೂವರೆ. ಭೈರುಂಬೆಯ ನಮ್ಮ ಮನೆಯಲ್ಲಿ ಅಜ್ಜಿ ಉಪವಾಸವಿದ್ದರೂ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದಳು. ಸಕ್ಕರೆ ಇಳಿದಾಗಲೆಲ್ಲ ಅವಳ ಕೈ ನಡುಗುತ್ತಿತ್ತು. ಅದನ್ನು ಕಂಡೇ ನಾವು ಬೆಲ್ಲ ಕೊಡುತ್ತಿದ್ದೆವು. ಅಂದು ಅವಳು ವಿಪರೀತ ಬೆವರುತ್ತಿದ್ದಳು. ಬೆಲ್ಲ ತರಲೇ ಎಂದು ಕೇಳಿದೆ. ಕೈ ಚಾಚಿ ತೋರಿಸಿ ನಕ್ಕಳು.

“ನೋಡೇ ಕೂಸೆ, ನಡುಗ್ತಿಲ್ಲೆ. ಎನ್ನ ವ್ರತ ಕೆಡ್ಸಡ.”

ಅಮ್ಮನೂ ನಾನೂ ನಂಬಿದೆವು. ಸ್ವಲ್ಪ ಹೊತ್ತಿಗೆ ಅಜ್ಜಿ ಕುಳಿತಲ್ಲೇ ಕುಸಿದಳು.

ಶಿರಸಿಯ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ಯಲ್ಲಾಪುರದಲ್ಲಿ ಬಿಪಿಗೆಂದು ಹೊಸದಾಗಿ ಕೊಟ್ಟಿದ್ದ ಮಾತ್ರೆ ನಡುಕವನ್ನು ಮರೆಮಾಡುತ್ತದೆ, ಬೆವರನ್ನು ಮಾತ್ರ ಮರೆಮಾಡುವುದಿಲ್ಲ ಎಂದು ಶಿರಸಿಯ ವೈದ್ಯರು ತಿಳಿಸಿದರು.

ಅಜ್ಜಿ ಬದುಕಿದಳು. ಈಗ ದಿನವೂ ನನ್ನನ್ನು ದಿಟ್ಟಿಸಿ ಕೇಳುತ್ತಾಳೆ: “ಯಾರ ಮನೆ ಕೂಸೇ ನೀನು?”

ಸಕ್ಕರೆ ಇಳಿದು ಹೀಗೆ ಹೋದ ನೆನಪು ಮರಳಿದ್ದನ್ನು ಯಾರಾದರೂ ಕಂಡಿದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ.