ಕೋಡಿಗೆ ಕಟ್ಟಿದ ಬಲೆ

ಸುಶೀಲಾ ಮೇಡಂ ಅಂದರೆ ಗಟ್ಟಿ ಗುಂಡಿಗೆ ಅಂತ ಪೆಂಡುರ್ತಿ ಊರಿನ ಆಚೆಯ ಮುಚ್ಚಿದ ಕಲ್ಲುಗಣಿಯ ಸುತ್ತ ಎಲ್ಲರೂ ನಂಬಿದ್ದರು. ಎಷ್ಟು ಗಟ್ಟಿ ಅನ್ನೋದು ಅವಳಿಗಷ್ಟೇ ಗೊತ್ತು ಬಿಡಿ! ಸಂಡೂರಿನ ಹೆಣ್ಣುಮಗಳು. ಗಂಡನ ಕಾರ್ಖಾನೆ ಕೆಲಸದ ಬೆನ್ನಿಗೆ ವಿಶಾಖಪಟ್ಟಣಕ್ಕೆ ಬಂದವಳು. ಕಲ್ಲು ತೆಗೆದು ಬಿಟ್ಟುಹೋದ ನೆಲವನ್ನು ಮತ್ತೆ ಬಾಳುವ ಹಾಗೆ ಮಾಡುವುದು ಅವಳ ಕೆಲಸ. ಬೋಳು ದಿಬ್ಬಗಳ ಮೇಲೆ ಹೊಂಗೆ ನೆಡಿಸಿದಳು. ಗಣಿಹೊಂಡದ ತಗ್ಗಿನ ಕಡೆಗೆ ಮಣ್ಣಿನ ಏರಿ ಹಾಕಿಸಿ ನೀರು ನಿಲ್ಲಿಸಿದಳು, ಹೆಚ್ಚಾದ ನೀರು ಹರಿದುಹೋಗಲು ಪಕ್ಕದಲ್ಲಿ ಕೋಡಿ ಬಿಡಿಸಿದಳು. ಏರಿಯ ಕೆಳಗೇ ಒಂದು ಕೇರಿ. ಅಲ್ಲಿಯವರು ಮೋಡ ನೋಡಿ ಹೆದರಿದಾಗೆಲ್ಲ ಅವಳದು ಒಂದೇ ಮಾತು: “ಏನೂ ಆಗಲ್ಲ, ನಾನಿದ್ದೀನಲ್ಲ.”

ಆ ಹೊಂಡದಲ್ಲಿ ಕೇರಿಯ ಹೆಂಗಸರು ಮೀನು ಸಾಕಿದರು. ಮೊದಲ ಮಳೆಗೇ ಮರಿಗಳು ಕೋಡಿ ದಾಟಿ ಹೋಗತೊಡಗಿದಾಗ ಗುಂಪಿನ ಮುಂದಾಳು ಹಾರಿಕಾ ಅಳುಮುಖ ಮಾಡಿದಳು. ಮೀನಿನ ವಾಸನೆಗೆ ಮೂಗು ಮುಚ್ಚುವ ಸುಶೀಲಾಳ ಕರುಳು ಚುರುಕ್ ಅಂದಿತು ನೋಡಿ, ಏನೋ ಕೆಲಸಕ್ಕೆ ವಿಜಯವಾಡಕ್ಕೆ ಹೋದವಳು ಅಲ್ಲಿನ ಒನ್ ಟೌನ್ ಪೇಟೆಯ ಅಂಗಡಿಯಿಂದ ಸಣ್ಣ ಕಣ್ಣಿನ ಬಲೆ ತಂದು ಕೋಡಿಗೆ ಅಡ್ಡ ಕಟ್ಟಿಸಿದಳು. ಒಳ್ಳೆಯದು ಮಾಡಲು ಹೋಗಿ ಕೇರಿಯ ಕೊರಳಿಗೇ ಉರುಳು ಹಾಕಿದ್ದಳು, ಪಾಪ.

ಚಂಡಮಾರುತ ಬಂತು. ಮಾರನೇ ಬೆಳಿಗ್ಗೆ ಅವಳು ಓಡಿಬಂದು ನೋಡಿದರೆ ಬಲೆಗೆ ಎಲೆ, ಪ್ಲಾಸ್ಟಿಕ್, ಕಸಕಡ್ಡಿ ಮೆತ್ತಿಕೊಂಡು ಕೋಡಿ ಪೂರ್ತಿ ಕಟ್ಟಿಹೋಗಿತ್ತು. ನೀರು ಏರಿಯ ನೆತ್ತಿಗೆ ಇನ್ನೊಂದು ಗೇಣು. ಕೆಳಗಿಳಿದು ಏರಿಯ ಬುಡ ನೋಡಿದಳು. ತಿಳಿನೀರು ಜಿನುಗಿದರೆ ಅಷ್ಟು ಭಯವಿಲ್ಲ. ಬರುತ್ತಿದ್ದದ್ದು ಕೆಂಪು ನೀರು. ಏರಿಯ ಮಣ್ಣೇ ಒಳಗಿಂದ ಕರಗಿ ಬರುತ್ತಿತ್ತು.

“ಯವ್ವಾ, ನನ್ನ ಕೈಯಾರೆ ನಾನೇ ಮುಳುಗಿಸಿದ್ನಲ್ಲ!” ಬಾಯಿಗೆ ಬಂದದ್ದು ಸಂಡೂರಿನ ಕನ್ನಡ. ಆಮೇಲೆ ತೆಲುಗಿನಲ್ಲಿ ಕಿರುಚಿದಳು: “ಹಾರಿಕಾ! ಎಲ್ಲರನ್ನೂ ಶಾಲೆಯ ದಿಬ್ಬಕ್ಕೆ ಹತ್ತಿಸು!”

ಹಾರಿಕಾ ತನ್ನ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಕೇರಿ ಖಾಲಿ ಮಾಡಿಸಿ, ಕತ್ತಿ ಹಗ್ಗ ಹಿಡಿದು ಏರಿಗೆ ಓಡಿಬಂದಳು.

“ಬಲೆ ಕೊಯ್ದರೆ ಮೀನೆಲ್ಲ ಹೋಗುತ್ತೆ ಕಣೇ,” ಅಂದಳು ಸುಶೀಲಾ.

“ಮೀನು ಹಾಳಾಗಿ ಹೋಗಲಿ ಅಕ್ಕಾ, ಕೊಯ್ದುಬಿಡಿ!”

ಸುಶೀಲಾ ಸೊಂಟಕ್ಕೆ ಹಗ್ಗ ಬಿಗಿದು ಕೋಡಿಗೆ ಇಳಿದಳು. ಹಾರಿಕಾ ಹಗ್ಗದ ತುದಿಯನ್ನು ದಡದ ಕಂಬಕ್ಕೆ ಸುತ್ತಿ ಹಿಡಿದಳು. ಬಲೆಯ ಒಂದು ಬದಿ ಹರಿದದ್ದೇ ತಡ, ನೀರು ನುಗ್ಗಿ ಸುಶೀಲಾಳ ಕಾಲು ಕಿತ್ತಿತು. ಬಾಯಿ ಮೂಗಿಗೆಲ್ಲ ನೀರು. ಸತ್ತೆ ಅಂದುಕೊಂಡಳು. ಹಾರಿಕಾ ಹಲ್ಲು ಕಚ್ಚಿ ಹಗ್ಗ ಜಗ್ಗಿ ಅವಳನ್ನು ದಡಕ್ಕೆಳೆದಳು. ಮೀನೆಲ್ಲ ಇಬ್ಬರ ಕಣ್ಣೆದುರೇ ಹೋದವು.

ಸಂಜೆಗೆ ಹೊಂಡ ತಗ್ಗಿತು, ಏರಿ ನಿಂತಿತ್ತು. ಬುಡಕ್ಕೆ ಮರಳಿನ ಮೂಟೆ ಪೇರಿಸಿದರು. ಆದರೂ ಜಿನುಗು ಇನ್ನೂ ತುಸು ಕೆಂಪಗೇ ಇತ್ತು. ಹಾರಿಕಾ ನಿದ್ದೆಹೋದ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ಕೇಳಿದಳು:

“ಅಕ್ಕಾ, ಇವತ್ತು ಮನೆಯಲ್ಲಿ ಮಲಗಬಹುದಾ?”

‘ಏನೂ ಆಗಲ್ಲ’ ಅನ್ನಲು ಸುಶೀಲಾ ಬಾಯಿ ತೆರೆದಳು. ಕಣ್ಣು ಏರಿಯ ಬುಡದ ಕೆಂಪಿನ ಮೇಲೆ ಬಿತ್ತು. ಹಾರಿಕಾಳ ಹೆಗಲಿಂದ ಕೂಸನ್ನು ಎತ್ತಿಕೊಂಡು ಶಾಲೆಯ ದಿಬ್ಬ ಹತ್ತತೊಡಗಿದಳು.